ಒಂಬತ್ತನೇ ತಾರೀಖಿನ ಕೆಂಪು ಠಸ್ಸೆ

ಕಡತದ ಕೊನೆಯ ಹಾಳೆಯ ಮೂಲೆ ಮಡಚಿಕೊಂಡಿತ್ತು. ಅದನ್ನು ನೀವಲೆಂದು ಕೊಲೆಟ್ ಬೋಶೇನ್ ಹಾಳೆ ಮಗುಚಿದಳು. ಮಗುಚಿದ ಕೈ ಅಲ್ಲೇ ನಿಂತಿತು.

ಹಾಳೆಯ ಬೆನ್ನ ಮೇಲೆ ಕೆಂಪು ಠಸ್ಸೆ. 'ಬಂದಿದೆ, ಕೆಳ ಕೋರ್ಟು, ಜನವರಿ 9.' ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 'ಕೊ. ಬೋ.' ಆ ಅಕ್ಷರ ಅವಳದೇ.

ಮೊದಲ ಹಾಳೆಯನ್ನು ಮತ್ತೆ ನೋಡಿದಳು. ಅಲ್ಲಿ ನೀಲಿ ಠಸ್ಸೆ. 'ದಾಖಲಾಗಿದೆ, ಮೇಲಿನ ಕೋರ್ಟು, ಜನವರಿ 21.' ಕಂಪ್ಯೂಟರಿನಲ್ಲಿ ಇರುವುದೂ ಇಪ್ಪತ್ತೊಂದೇ. ಇವತ್ತು ಮಾರ್ಚ್ ಇಪ್ಪತ್ತು, ಗುರುವಾರ. ಗಡಿಯಾರದಲ್ಲಿ ಎಂಟೂ ಹತ್ತು. ಬೆರಳು ಮಡಚುತ್ತ ಎಣಿಸಿದಳು. ನಂಬಿಕೆಯಾಗದೆ ಪೆನ್ಸಿಲ್ಲು ಹಿಡಿದು ಇನ್ನೊಮ್ಮೆ ಎಣಿಸಿದಳು. ನೀಲಿಯಿಂದ ಎಣಿಸಿದರೆ ಇವತ್ತಿಗೆ ಐವತ್ತೆಂಟು ದಿನ. ಕೆಂಪಿನಿಂದ ಎಣಿಸಿದರೆ ಎಪ್ಪತ್ತು.

ಕಾನೂನು ಹೇಳುವುದು ಅರವತ್ತು.

ಕೆನಡಾ ಗಡಿಗೆ ಹತ್ತಿರದ ಆ ಬೆಟ್ಟದ ಜಿಲ್ಲೆಯಲ್ಲಿ ಕಳೆದ ಡಿಸೆಂಬರ್ ತನಕ ದೊಡ್ಡ ಅಪರಾಧದ ದೂರು ಎರಡು ಬಾಗಿಲು ದಾಟಬೇಕಿತ್ತು. ಪೊಲೀಸರು ದೂರುಪತ್ರವನ್ನು ನೆಲಮಹಡಿಯ ಕೆಳ ಕೋರ್ಟಿಗೆ ತರುತ್ತಿದ್ದರು. ಅಲ್ಲಿ ಕೆಂಪು ಠಸ್ಸೆ. ಆಮೇಲೊಂದು ಪ್ರಾಥಮಿಕ ವಿಚಾರಣೆ, ಅದಕ್ಕೆ ವಾಯಿದೆ, ವಾಯಿದೆಯ ಮೇಲೆ ವಾಯಿದೆ. ಎಲ್ಲ ಮುಗಿದು ಕಡತ ಮಹಡಿ ಹತ್ತಿ ನೀಲಿ ಠಸ್ಸೆ ಬಿದ್ದಾಗಲೇ ದಿನಗಳ ಎಣಿಕೆ ಶುರು. ಅಷ್ಟರಲ್ಲಿ ಜೈಲಿನಲ್ಲಿದ್ದವನ ಗಡ್ಡ ಎದೆಗಿಳಿದಿರುತ್ತಿತ್ತು. ಜನವರಿಯಿಂದ ಅದೆಲ್ಲ ರದ್ದು. ದೂರುಪತ್ರ ನೇರ ಮೇಲಿನ ಕೋರ್ಟಿಗೇ ಬರಬೇಕು. ಬಂದ ದಿನದಿಂದ ಅರವತ್ತು ದಿನದೊಳಗೆ ಇಪ್ಪತ್ಮೂರು ಮಂದಿ ಊರವರ ಜ್ಯೂರಿ ಕೂತು, ಸಾಕ್ಷಿ ಕೇಳಿ, ಆರೋಪ ಹೊರಿಸಬೇಕು. ಇಲ್ಲವಾದರೆ ಆರೋಪ ಬಿದ್ದುಹೋಯಿತು, ಒಳಗಿದ್ದವನು ಮನೆಗೆ.

ಆದರೆ ಕಾನೂನು ಬದಲಾದಷ್ಟು ಬೇಗ ಕೈ ಬದಲಾಗುವುದಿಲ್ಲ. ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಕಾಗದ ತೂರಿಸುವ ಹಿತ್ತಾಳೆಯ ಕಂಡಿಯೊಂದಿತ್ತು. ಒಳಬದಿಯಲ್ಲಿ ಅದು ತೆರೆಯುತ್ತಿದ್ದುದು ಕೆಳ ಕೋರ್ಟಿನ ಪೆಟ್ಟಿಗೆಗೆ. ಮೂವತ್ತು ವರ್ಷ ಅಲ್ಲೇ ಕಾಗದ ತೂರಿಸಿದ ಪೊಲೀಸಿನವನೊಬ್ಬ ಜನವರಿ ಒಂಬತ್ತರಂದೂ ಅಲ್ಲೇ ತೂರಿಸಿ ಹೋದ. ನಾಲ್ಕು ವರ್ಷ ಕೆಳ ಕೋರ್ಟಿನ ಕಿಟಕಿಯಲ್ಲಿ ಕೂತಿದ್ದ ಕೊಲೆಟ್ ಅದನ್ನು ತೆಗೆದು, ಎಂದಿನಂತೆ ಬೆನ್ನಿಗೆ ಕೆಂಪು ಒತ್ತಿ, 'ಪ್ರಾಥಮಿಕ ವಿಚಾರಣೆ' ಎಂದು ಚೀಟಿ ಅಂಟಿಸಿದ ಬುಟ್ಟಿಗೆ ಹಾಕಿದಳು. ಆ ವಿಚಾರಣೆಯೇ ಸತ್ತು ಎಂಟು ದಿನವಾಗಿತ್ತು. ಬುಟ್ಟಿ ಮಾತ್ರ ಅಲ್ಲೇ ಇತ್ತು. ಹನ್ನೆರಡು ದಿನದ ಮೇಲೆ ಅವಳ ಮೇಜನ್ನು ಮೇಲಿನ ಕೋರ್ಟಿಗೆ ಸಾಗಿಸುವಾಗ ಬುಟ್ಟಿಯಲ್ಲಿದ್ದದ್ದೆಲ್ಲ ಮಹಡಿ ಹತ್ತಿತು, ಎಲ್ಲಕ್ಕೂ ನೀಲಿ ಬಿತ್ತು. ಅವಳು ಮರೆತಳು. ಸ್ಕ್ಯಾನ್ ಮಾಡುವಾಗ ಹಾಳೆಗಳ ಮುಂಬದಿಯನ್ನಷ್ಟೇ ಮಾಡುತ್ತಾರೆ.

ಕಡತದ ಮೇಲಿದ್ದ ಹೆಸರು ಎಮರಿ ಫಾಸ್ಗೇಟ್. ವಯಸ್ಸು ಐವತ್ನಾಲ್ಕು. ಪಕ್ಕದ ಜಮೀನಿನ ಡನ್‌ಫಿಯ ಆಲೆಮನೆಗೆ ಬೆಂಕಿಯಿಟ್ಟನೆಂದು ಆರೋಪ. ಅಲ್ಲಿ ಕಬ್ಬಿನ ಹಾಲು ಕಾಯಿಸುವುದಿಲ್ಲ. ಮಾರ್ಚ್‌ನಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ಇಳಿಸಿದ ಸಿಹಿನೀರನ್ನು ಕಾಯಿಸಿ ಪಾಕ ಮಾಡುವ ಆಲೆಮನೆ ಅದು. ಇಬ್ಬರ ನಡುವಿನ ಗಡಿಯಲ್ಲಿರುವ ಹನ್ನೊಂದು ಮರಗಳಿಗಾಗಿ ಇಪ್ಪತ್ತು ವರ್ಷದಿಂದ ಜಗಳ. ಬೆಂಕಿಯಿಟ್ಟವನು ಮತ್ತೆ ಇಟ್ಟಾನು ಎಂಬ ಹೆದರಿಕೆಗೆ ಜಾಮೀನು ಸಿಕ್ಕಿರಲಿಲ್ಲ. ಫೆಬ್ರವರಿಯ ಜ್ಯೂರಿ ಹಿಮದ ಬಿರುಗಾಳಿಗೆ ಸೇರಲೇ ಇಲ್ಲ. ಇವತ್ತು ಹತ್ತು ಗಂಟೆಗೆ ಸೇರುತ್ತದೆ, ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ಜ್ಯೂರಿ ಒಮ್ಮೆ ಆರೋಪ ಹೊರಿಸಿತೆಂದರೆ ಹಿಂದಿನ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಕೆಂಪು ಠಸ್ಸೆ ತೋರಿಸಿದರೂ ಕೇಳುವವರಿಲ್ಲ.

ಡನ್‌ಫಿಯ ಆಲೆಮನೆಯನ್ನು ಕೊಲೆಟ್ ಬಲ್ಲಳು. ಚಿಕ್ಕಂದಿನಲ್ಲಿ ಅಲ್ಲಿ ಹಿಮದ ಮೇಲೆ ಬಿಸಿ ಪಾಕ ಸುರಿಸಿಕೊಂಡು, ನಡುನಡುವೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಕಚ್ಚುತ್ತ, ಹಿಮಕ್ಕೆ ಗಟ್ಟಿಯಾಗಿ ಹಲ್ಲಿಗೆ ಅಂಟುವ ಆ ಪಾಕದ ಎಳೆ ತಿಂದಿದ್ದಳು. ಅದು ಸುಟ್ಟುಹೋದ ಸುದ್ದಿ ಕೇಳಿದ ದಿನ ಯಾರಿಗೂ ಕಾಣದಂತೆ ಅತ್ತಿದ್ದಳು. ಇಟ್ಟವನ ಕೈ ಮುರಿಯಲಿ ಅಂದುಕೊಂಡಿದ್ದಳು ಕೂಡ.

ಎಂಟೂವರೆಗೆ ಕಿಟಕಿಯ ಗಾಜು ಬಡಿದ ಸದ್ದಾಯಿತು.

ವರ್ನಾ ಫಾಸ್ಗೇಟ್, ಎಮರಿಯ ಹೆಂಡತಿ. ಗಂಡನ ವಿಷಯ ಕೇಳಲು ಬರುವುದನ್ನು ಒಂದು ಗುರುವಾರವೂ ತಪ್ಪಿಸಿದವಳಲ್ಲ. ಬೂಟಿಗೆ ಮೊಣಕಾಲುದ್ದ ಕೆಸರು, ಎಡಗೈ ಪಟ್ಟಿಯಲ್ಲಿ ನೇತುಬಿದ್ದಿತ್ತು.

"ಇವತ್ತಾದ್ರೂ ಏನಾದ್ರೂ ಆಗುತ್ತಾ ಮಗಳೇ?"

"ಹತ್ತಕ್ಕೆ ಜ್ಯೂರಿ ಇದೆ ಅಮ್ಮಾ." ಕೊಲೆಟ್‌ಳ ದನಿ ಅವಳಿಗೇ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗ್ ಹೇಳು. ಗಾಜಿನೊಳಗಿನ ಮೀನಿನ ಹಾಗೆ ಬಾಯಾಡಿಸ್ತೀಯ."

"ಹತ್ತಕ್ಕೆ ಜ್ಯೂರಿ. ಕೈಗೇನಾಯ್ತು?"

"ಬಕೆಟ್ ಎತ್ತೋಕ್ ಹೋಗಿ ಭುಜ ಕಳಚ್ತು. ಒಂಬತ್ತು ದಿನದಿಂದ ನೀರಿಳೀತಾ ಇದೆ. ರಾತ್ರಿ ಹೆಪ್ಪುಗಟ್ಟೋದು, ಹಗಲು ಕರಗೋದು, ಇಂಥ ಹದ ಹತ್ತು ವರ್ಷಕ್ಕೊಮ್ಮೆ ಬರೋದು. ಬಕೆಟ್ ತುಂಬಿ ನೆಲಕ್ ಸುರೀತಾ ಇದೆ, ನಾನ್ ನಿಂತು ನೋಡ್ತಾ ಇದೀನಿ. ಮೊಗ್ಗೊಡೆದ್ರೆ ಮುಗೀತು, ಆಮೇಲ್ ಕಾಯಿಸಿದ್ರೆ ಕೊಳಕ್ ಕಾಲ್ಚೀಲದ ವಾಸ್ನೆ." ಅವಳು ಗಾಜಿಗೆ ಹಣೆ ತಾಗಿಸಿದಳು. "ಅವ್ನು ಬೆಂಕಿ ಇಟ್ಟಿಲ್ಲ ಅಂತ ನಾನು ಹೇಳಲ್ಲ ಮಗಳೇ. ಇಟ್ಟ ಅಂತಾನೂ ಹೇಳಲ್ಲ. ಆವತ್ತು ನಾನು ಅಕ್ಕನ ಮನೇಲಿದ್ದೆ. ಇಟ್ಟಿದ್ರೆ ಇಟ್ಟ ಅಂತ ಯಾರಾದ್ರೂ ಒಬ್ರು ಬಾಯ್ಬಿಟ್ಟು ಹೇಳ್ಲಿ. ಸುಮ್ನೆ ಒಳಗಿಟ್ಕೊಂಡಿರೋದು ಯಾವ ನ್ಯಾಯ?"

ಒಂಬತ್ತು ದಿನ. ಅರವತ್ತನೇ ದಿನ ಮುಗಿದದ್ದು ಮಾರ್ಚ್ ಹತ್ತಕ್ಕೆ, ಮರದ ನೀರಿಳಿಯಲು ಶುರುವಾದದ್ದು ಅದರ ಮಾರನೆಯ ದಿನ.  ಇದು ನನ್ನಿಂದ ಎಂದು ಹೇಳಲು ಕೊಲೆಟ್ ಬಾಯಿ ತೆರೆದಳು. "ಕೂತ್ಕೊಳಿ ಅಮ್ಮಾ, ಆ ಬೆಂಚಲ್ಲಿ" ಎಂದಷ್ಟೇ ಬಂತು.

ಎರಡೂ ಕೋರ್ಟುಗಳ ಶಿರಸ್ತೇದಾರರಾದ ಹೆಸ್ಟರ್ ಟಟಲ್ ಒಳಕೋಣೆಯಲ್ಲಿ ಚಾಳೀಸು ಮೂಗಿನ ತುದಿಗೆ ಇಳಿಸಿಕೊಂಡು ಜ್ಯೂರಿಯವರ ಹಾಜರಿ ಪಟ್ಟಿ ತಿದ್ದುತ್ತಿದ್ದರು. ಅರವತ್ತೊಂದು ವಯಸ್ಸು. ಅವರ ನಾಲಿಗೆಗೆ ಹೆದರಿ ವಕೀಲರು ಕಾಗದವನ್ನು ಎರಡು ಸಲ ಓದಿಕೊಂಡು ಕಿಟಕಿಗೆ ಬರುತ್ತಿದ್ದರು. ಕೊಲೆಟ್ ಹಾಳೆಯನ್ನು ಬೆನ್ನು ಮೇಲಾಗಿ ಅವರ ಮುಂದಿಟ್ಟಳು.

ಹೆಸ್ಟರ್ ನೋಡಿದರು. ಚಾಳೀಸು ತೆಗೆದು ಒರೆಸಿ ಮತ್ತೆ ನೋಡಿದರು. ಎದ್ದುಹೋಗಿ ಬಾಗಿಲು ಹಾಕಿದರು.

"ಯಾರಿಗ್ ಹೇಳ್ದೆ?"

"ಯಾರಿಗೂ ಇಲ್ಲ ಮೇಡಂ. ಈಗಷ್ಟೇ ನೋಡ್ದೆ."

"ದಾರ ಕಟ್ಟು. ಎಲ್ಲದರ ಜೊತೆ ಮೇಲಕ್ಕೆ ತಗೊಂಡ್ಹೋಗು."

"ಮೇಡಂ, ಎಪ್ಪತ್ತು ದಿನ..."

"ಎಣಿಸೋಕೆ ನಂಗೂ ಬರುತ್ತೆ ಕಣೇ." ಹೆಸ್ಟರ್ ಕುರ್ಚಿಗೆ ಒರಗಿದರು. ದನಿ ಇಳಿಯಿತು. "ನನ್ ತಮ್ಮನ್ ವಿಷ್ಯ ನಿಂಗ್ ಗೊತ್ತಲ್ಲ?"

ಇಡೀ ಕಟ್ಟಡಕ್ಕೆ ಗೊತ್ತಿತ್ತು. ಹಳೆಯ ಪದ್ಧತಿಯಲ್ಲಿ ಆ ತಮ್ಮ ಐದು ತಿಂಗಳು ಜೈಲಿನಲ್ಲಿ ಕೊಳೆತ. ಏಳು ವಾಯಿದೆಗಳ ನಂತರ ಜ್ಯೂರಿ ಹತ್ತೇ ನಿಮಿಷದಲ್ಲಿ ಈ ಆರೋಪದಲ್ಲಿ ಹುರುಳಿಲ್ಲ ಎಂದಿತು. ಹೊರಬಂದಾಗ ಅವನಿಗೆ ಕೆಲಸವಿರಲಿಲ್ಲ, ಹೆಂಡತಿಯಿರಲಿಲ್ಲ, ಆಮೇಲೆ ಕುಡಿತವಷ್ಟೇ ಉಳಿಯಿತು. ಹೆಸ್ಟರ್ ಮೂರು ವರ್ಷ ರಜೆ ಹಾಕಿ ಹಾಕಿ ರಾಜಧಾನಿಗೆ ಹೋಗಿ ಸಮಿತಿಯ ಮುಂದೆ ಕೂತರು. ಅರವತ್ತು ದಿನದ ಗೆರೆ ಎಳೆಸಿದವರಲ್ಲಿ ಅವರೂ ಒಬ್ಬರು.

"ಈ ಹೊಸ ಕ್ರಮ ಈಗಿರೋದು ನಮ್ ಜಿಲ್ಲೇಲೊಂದೇ" ಎಂದರು ಹೆಸ್ಟರ್. "ಪ್ರಯೋಗ ಅಂತ ಕೊಟ್ಟಿದಾರೆ. ಮುಂದಿನ ತಿಂಗಳು ಪರಿಶೀಲನೆಗೆ ಬರ್ತಾರೆ. ಪೊಲೀಸಿನವ್ರಿಗೆ ಬೇಡ, ಸರ್ಕಾರಿ ವಕೀಲರಿಗ್ ಬೇಡ, ಹಳೇ ಜಡ್ಜುಗಳಿಗಂತೂ ಮೊದಲೇ ಬೇಡ. ನೋಡಿ, ಮೂರೇ ತಿಂಗಳಲ್ಲಿ ಬೆಂಕಿ ಇಟ್ಟವನನ್ನ ಗುಮಾಸ್ತೆಯೊಬ್ಳು ಬೀದಿಗ್ ಬಿಟ್ಳು ಅಂತಾರೆ. ಮುಗೀತು. ಮತ್ತೆ ಹಳೇ ಬುಟ್ಟಿ, ಹಳೇ ವಾಯಿದೆ. ಒಬ್ಬ ಎಮರಿಗೋಸ್ಕರ ಇನ್ನು ಮುಂದೆ ಬರೋ ನೂರು ಜನರನ್ನ ಒಳಗ್ ಕೊಳೆಯಕ್ ಬಿಡ್ತೀಯಾ?"

ಕೊಲೆಟ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಅವರು ಹೇಳುತ್ತಿರುವುದರಲ್ಲಿ ಸುಳ್ಳು ಹುಡುಕಿದಳು. ಸಿಗಲಿಲ್ಲ. ಅದೇ ಕಷ್ಟವಾಗಿತ್ತು.

"ಅದೂ ಅಲ್ದೆ," ಹೆಸ್ಟರ್ ಹಾಳೆಯನ್ನು ಬೆರಳಿನಿಂದ ತಟ್ಟಿದರು, "ಜನವರಿಯಿಂದ ಕೆಳ ಕೋರ್ಟು ಇಂಥ ದೂರಿಗೆ ಕೋರ್ಟೇ ಅಲ್ಲ. ಅಲ್ಲಿಗ್ ಬಂದಿದ್ದು ಚರಂಡಿಗ್ ಬಿದ್ದ ಹಾಗೆ. ನೀಲಿ ಬಿದ್ದ ದಿನವೇ ಲೆಕ್ಕ. ಕಾನೂನು ನನ್ ಕಡೆ ಇದೆ."

"ಹಾಗಿದ್ರೆ ಜಡ್ಜ್ ಮೇಡಂಗೇ ತೋರಿಸೋಣ. ಅವ್ರೇ ಹಾಗನ್ಲಿ."

ಹೆಸ್ಟರ್ ಮುಖ ಗಡುಸಾಯಿತು. "ಬಾಯಿ ಬಂತು ನಿಂಗೆ! ನಾಲ್ಕು ವರ್ಷದಲ್ಲಿ ನೀನು ನಂಗೆ ಎದುರಾಡಿದ್ದೇ ಇದು ಮೊದಲು, ಅದೂ ಈ ದಿನವೇ ಸಿಕ್ತಾ? ಕೆಲಸ ಹೋಗೋದು ನಿಂದು ಕಣೇ, ಅಕ್ಷರ ನಿಂದು. ಹಿಂಬದಿ ಯಾರ್ ನೋಡ್ತಾರೆ?"

"ನಾನ್ ನೋಡ್ದೆ ಮೇಡಂ."

ಗೋಡೆಯಾಚೆ ಬೆಂಚು ಕಿರುಗುಟ್ಟಿತು. ವರ್ನಾ ಕೆಮ್ಮಿದಳು. ಹೆಸ್ಟರ್ ಪಟ್ಟಿಯತ್ತ ತಿರುಗಿ, "ಹೋಗು, ಹೊತ್ತಾಯ್ತು" ಎಂದರು. ಜಡ್ಜ್ ಹತ್ತಿರ ಒಯ್ಯಬೇಡ ಎನ್ನಲಿಲ್ಲ, ಹೇಳಬೇಡ ಎನ್ನಲೂ ಇಲ್ಲ. ಪೆನ್ನು ಮಾತ್ರ ಒಂದೇ ಹೆಸರಿನ ಮೇಲೆ ಬಹಳ ಹೊತ್ತು ನಿಂತಿತ್ತು.

ಒಂಬತ್ತೂ ಮುಕ್ಕಾಲಿಗೆ ಕೊಲೆಟ್ ಏಳು ಕಡತಗಳನ್ನು ಎದೆಗೊತ್ತಿಕೊಂಡು ನ್ಯಾಯಾಲಯವಿದ್ದ ಇನ್ನೊಂದು ಮಹಡಿ ಹತ್ತಿದಳು. ಮೇಲಿನ ಓಣಿಯಲ್ಲಿ ಜ್ಯೂರಿಯವರು ಕಾಗದದ ಲೋಟದಲ್ಲಿ ಕಾಫಿ ಹಿಡಿದು ನಿಂತಿದ್ದರು. ಶಾಲೆಯ ಬಸ್ಸು ಓಡಿಸುವವರು, ಅಂಗಡಿಯವರು, ಎಲ್ಲ ಮುಖ ಪರಿಚಯದವರೇ. ಬಾಗಿಲಲ್ಲಿ ದಫೇದಾರ ವಾಲ್ಡೋ.

"ಏನ್ ಮರಿ, ಮುಖ ಹಿಟ್ಟಿನ ಹಾಗಿದೆ? ಹೆಸ್ಟರ್ ಬೆಳಗ್ಗೆ ತಿಂಡಿಗೆ ನಿನ್ನೇ ತಿಂದ್ರಾ?"

ಅವಳು ನಗಲಿಲ್ಲ. ಆರು ಕಡತಗಳನ್ನು ಅವನ ಕೈಗಿಟ್ಟಳು. ಏಳನೆಯದು ಎದೆಗೇ ಅಂಟಿಕೊಂಡಿತು.

ವಾಲ್ಡೋ ಎಣಿಸಿದ. "ಪಟ್ಟೀಲಿ ಏಳಿದೆಯಲ್ಲ. ಮೊದಲನೇದೇ ಇಲ್ಲ."

"ಐದು ನಿಮಿಷ ಕೊಡಿ ವಾಲ್ಡೋ ಮಾವ."

"ವಕೀಲ ಸ್ಟರ್ಗಿಸ್ ಸಾಹೇಬ್ರು ಒಳಗೆ ಸಾಕ್ಷೀನ ಕೂರಿಸ್ಕೊಂಡು ಕಾಯ್ತಿದಾರೆ. ಅವ್ರು ಕಾಯೋ ಜಾತಿ ಅಲ್ಲ."

"ಐದೇ."

ಅವಳ ದನಿಯಲ್ಲಿ ಏನು ಕೇಳಿಸಿತೋ, ವಾಲ್ಡೋ ಗಡಿಯಾರ ನೋಡಿ, ಬಾಗಿಲಿಗೆ ಬೆನ್ನು ಕೊಟ್ಟು, ಜೇಬಿನಿಂದ ಕರವಸ್ತ್ರ ತೆಗೆದು ನಿಧಾನವಾಗಿ ಮೂಗು ಒರೆಸತೊಡಗಿದ.

ನ್ಯಾಯಾಧೀಶೆ ಥೀಡಾ ಲೋರಿಂಗ್ ಅವರ ಕೋಣೆ ಓಣಿಯ ಕೊನೆಗಿತ್ತು. ಇಪ್ಪತ್ತು ಹೆಜ್ಜೆ. ಕೊಲೆಟ್‌ಗೆ ಬಾಯಲ್ಲಿ ಹೇಳಬಲ್ಲೆನೆಂಬ ನಂಬಿಕೆಯಿರಲಿಲ್ಲ. ಓಣಿಯ ಕಿಟಕಿಗಟ್ಟೆಯ ಮೇಲೆ ಕಡತವಿಟ್ಟು ಗುಮಾಸ್ತರ ಟಿಪ್ಪಣಿ ಹಾಳೆಯೊಂದನ್ನು ತೆಗೆದಳು. ಮೊದಲ ಅಕ್ಷರ ಕೆಟ್ಟಿತು, ಹೊಡೆದುಹಾಕಿ ಮತ್ತೆ ಬರೆದಳು. 'ಈ ದೂರುಪತ್ರ ಈ ಕಟ್ಟಡಕ್ಕೆ ಬಂದದ್ದು ಜನವರಿ 9ರಂದು. ಹಿಂಬದಿಯ ಕೆಂಪು ಠಸ್ಸೆ ನೋಡುವುದು. ಒತ್ತಿ, ತಪ್ಪು ಬುಟ್ಟಿಗೆ ಹಾಕಿದವಳು ನಾನು.' ಪೂರ್ತಿ ಹೆಸರು ಬರೆದಳು. ಈ ಸಲ 'ಕೊ. ಬೋ.' ಸಾಕೆನಿಸಲಿಲ್ಲ.

ಬಾಗಿಲು ತಟ್ಟಿದಳು.

ಹತ್ತೂ ಕಾಲಿಗೆ ಅವಳು ತುಂಬಿದ ನ್ಯಾಯಾಲಯದಲ್ಲಿ ಸಾಕ್ಷಿಕಟ್ಟೆಯ ಪಕ್ಕ ನಿಂತಿದ್ದಳು. ಜ್ಯೂರಿಯನ್ನು ತಡೆಹಿಡಿಯಲಾಗಿತ್ತು. ಎಮರಿಯನ್ನು ಪಕ್ಕದ ಜೈಲಿನಿಂದ ಕರೆತಂದಿದ್ದರು. ಕಿತ್ತಳೆ ಬಣ್ಣದ ಅಂಗಿ, ಕುರುಚಲು ಗಡ್ಡ. ಏನಾಗುತ್ತಿದೆಯೆಂದು ಗೊತ್ತಾಗದೆ ಕಿಟಕಿಯ ಹೊರಗಿನ ಮರದ ಕೊಂಬೆಗಳನ್ನೇ ನೋಡುತ್ತಿದ್ದ. ಹಿಂದಿನ ಸಾಲಿನಲ್ಲಿ ವರ್ನಾ. ಬಾಗಿಲ ಬಳಿ ಕೈಕಟ್ಟಿ ನಿಂತ ಹೆಸ್ಟರ್.

ಸರ್ಕಾರಿ ವಕೀಲ ಸ್ಟರ್ಗಿಸ್ ಆಗಲೇ ಕೆಂಪಾಗಿದ್ದರು. "ಮಾನ್ಯರೇ, ಕೆಳ ಕೋರ್ಟಿಗೆ ಈ ದೂರು ತಗೊಳ್ಳೋ ಅಧಿಕಾರವೇ ಇಲ್ಲ. ಅಧಿಕಾರ ಇಲ್ಲದ ಕಡೆ ಬಿದ್ದ ಕಾಗದ ದಾಖಲಾದ ಹಾಗಲ್ಲ. ಗುಮಾಸ್ತೆಯೊಬ್ಳ ಮರೆವಿಗೆ ಡನ್‌ಫಿ ಕುಟುಂಬ ಬಲಿಯಾಗ್ಬೇಕಾ?"

ನ್ಯಾಯಾಧೀಶೆ ಹಾಳೆಯನ್ನು ಮಗುಚಿ, ಮತ್ತೆ ಮಗುಚಿ ನೋಡಿದರು.

"ಮಿಸ್ ಬೋಶೇನ್, ಮುಂಬಾಗಿಲ ಪಕ್ಕ ಕಾಗದ ತೂರಿಸೋ ಕಂಡಿಯ ಮೇಲೆ ಹೊರಗಡೆ ಏನಂತ ಬರ್ದಿದೆ?"

ಕೊಲೆಟ್ ಏನೋ ಅಂದಳು.

"ಕೇಳಿಸ್ಲಿಲ್ಲ."

ಹಿಂದಿನ ಸಾಲಿನಿಂದ ವರ್ನಾಳ ದನಿ ಬಂತು. "ಜೋರಾಗ್ ಹೇಳು ಮಗಳೇ!" ವಾಲ್ಡೋ ಅವಳಿಗೆ ಸುಮ್ಮನಿರಲು ಸನ್ನೆ ಮಾಡಿದ.

"'ಕೋರ್ಟು' ಅಂತ ಮೇಡಂ." ದನಿ ಒಡೆಯಿತು, ಆದರೆ ಕೋಣೆಯ ಕೊನೆಗೂ ಮುಟ್ಟಿತು. "ಕೆಳಗಿಂದು ಅಂತಿಲ್ಲ, ಮೇಲಿಂದು ಅಂತಿಲ್ಲ. ಬರೀ 'ಕೋರ್ಟು'."

"ಜನವರಿಯಲ್ಲಿ ಯಾರಾದ್ರೂ ಅದರ ಮೇಲೆ ಚೀಟಿ ಗೀಟಿ ಅಂಟಿಸಿದ್ರಾ?"

"ಇಲ್ಲ ಮೇಡಂ."

"ಕೆಂಪು ಠಸ್ಸೆ ಒತ್ತಿದ್ದು ಯಾಕೆ?"

ಇಷ್ಟು ಹೊತ್ತು ಅವಳು ಈ ಒಂದು ಪ್ರಶ್ನೆಗೆ ಹೆದರಿದ್ದಳು. ಜ್ವರವಿತ್ತು, ಕೆಲಸ ಜಾಸ್ತಿಯಿತ್ತು, ಹೀಗೆ ಉತ್ತರಗಳನ್ನೂ ಹೊಂದಿಸಿಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ಕೈಗೆ ಅಭ್ಯಾಸ ಆಗಿತ್ತು ಮೇಡಂ. ನೋಡ್ಲೇ ಇಲ್ಲ ನಾನು."

ಯಾರೋ ನಕ್ಕರು. ಎಮರಿ ನಗಲಿಲ್ಲ. ಮೊದಲ ಬಾರಿಗೆ ಅವನು ಕಿಟಕಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಕೈಕಾಲು ಒಡೆಯುವ ಚಳಿಯಲ್ಲಿ ತನ್ನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡವರು ಯಾರೆಂದು ಈಗಷ್ಟೇ ಗೊತ್ತಾದವನ ನೋಟ ಅದು. ಕೊಲೆಟ್ ತಲೆ ತಗ್ಗಿಸಬೇಕೆಂದುಕೊಂಡಳು, ತಗ್ಗಿಸಲಿಲ್ಲ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಸ್ಟರ್ಗಿಸ್, ಹೊರಗೆ ನಿಂತ ಮನುಷ್ಯನಿಗೆ ಈ ಮನೆಗಿರೋದು ಒಂದೇ ಬಾಗಿಲು. ಒಳಗೆ ನಾವು ಎಷ್ಟು ಮಹಡಿ ಕಟ್ಕೊಂಡಿದೀವಿ, ಯಾವ ಬಣ್ಣ ಬಳ್ಕೊಂಡಿದೀವಿ ಅನ್ನೋದು ನಮ್ ಪಾಡು. ಕಾನೂನು ಮಾಡಿದ್ದೇ ಕಾಗದ ನಮ್ ಬುಟ್ಟೀಲಿ ಕೂತಿರೋವಾಗ ಆಚೆ ಒಬ್ಬ ಜೈಲಲ್ಲಿ ಕೂತಿರಬಾರ್ದು ಅಂತ. ಎಣಿಕೆ ಒಂಬತ್ತನೇ ತಾರೀಖಿಂದ. ಆರೋಪ ವಜಾ. ಇವ್ರನ್ನ ಈಗ್ಲೇ ಬಿಡಿ. ನಿಮಗ್ ಬೇಕಿದ್ರೆ ಹೊಸ ದೂರು ಕೊಡಿ, ಸಮನ್ಸ್ ಕಳ್ಸಿ ಕರೆಯೋಣ. ಈ ಎಪ್ಪತ್ತು ದಿನ ಆದ್ಮೇಲೆ ಇವ್ರನ್ನ ಮತ್ತೆ ಒಳಗಿಡಿ ಅಂತ ನನ್ ಮುಂದೆ ಬರ್ಬೇಡಿ." ಆಮೇಲೆ ಕೊಲೆಟ್‌ಳತ್ತ ತಿರುಗಿ, "ನಿಮ್ ವಿಷ್ಯ ಶಿರಸ್ತೇದಾರರು ವಿಚಾರಿಸ್ತಾರೆ" ಎಂದರು.

ಬಾಗಿಲ ಬಳಿ ನೋಡಿದಳು. ಹೆಸ್ಟರ್ ಅಲ್ಲಿರಲಿಲ್ಲ.

ಬಿಡುಗಡೆಯ ಕಾಗದಕ್ಕೆ ಸಹಿ ಹಾಕಲು ಎಮರಿ ಕಿಟಕಿಗೆ ಬಂದಾಗ ಹನ್ನೊಂದೂವರೆ. ಮೈಮೇಲೆ ಜನವರಿಯ ದಪ್ಪ ಕೋಟು. ವರ್ನಾ ಅವನ ತೋಳಿಗೆ ತನ್ನ ಒಳ್ಳೆಯ ಕೈ ಸೇರಿಸಿಕೊಂಡಿದ್ದಳು.

"ಮೊಗ್ಗು ಬಂತಾ?" ಅವನು ಹೆಂಡತಿಯನ್ನು ಕೇಳಿದ. ಎಪ್ಪತ್ತು ದಿನದ ಮೇಲೆ ಕೇಳಿದ ಮೊದಲ ಮಾತು ಅದೇ ಇರಬೇಕು.

"ತೆಂಕಲ ಇಳಿಜಾರಲ್ಲಿ ಉಬ್ಬಿದೆ. ಬಡಗಲಲ್ಲಿ ಇನ್ನೂ ಇಲ್ಲ."

"ಹಾಗಿದ್ರೆ ಮೂರು ದಿನ."

"ನಾಲ್ಕು ಸಿಗ್ಬೋದು, ಚಳಿ ಬಿದ್ರೆ."

ಕೊಲೆಟ್ ಗಾಜಿನ ಕೆಳಗಿಂದ ಪೆನ್ನು ತಳ್ಳಿದಳು. "ಹತ್ತು ದಿನ ಹೆಚ್ಚಾಗಿ... ನನ್ನಿಂದ..." ಎಂದಳು.

ಎಮರಿ ಸಹಿ ಹಾಕಿ ಪೆನ್ನು ವಾಪಸಿಟ್ಟ. "ಹೌದು, ನಿನ್ನಿಂದ" ಎಂದ.  "ನಮ್ಮಪ್ಪ ಸತ್ತ ವರ್ಷ ನಾನು ಬಕೆಟ್ ನೇತಾಕೋದೇ ಮರ್ತಿದ್ದೆ. ತೂತು ಕೊರ್ದಿದ್ದೆ, ಬಕೆಟ್ ಇಲ್ಲ. ಮರ ಸುಮ್ನೆ ಸುರಿಸ್ತಾ ಇತ್ತು." ಅಷ್ಟು ಹೇಳಿ ಹೊರಟ. ಅದು ಕ್ಷಮೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಅವರು ಇನ್ನೂ ಬಾಗಿಲು ದಾಟಿರಲಿಲ್ಲ, ಸ್ಟರ್ಗಿಸ್ ಅದೇ ಕಿಟಕಿಗೆ ಬಂದು ಹೊಸ ದೂರುಪತ್ರವೊಂದನ್ನು ತಳ್ಳಿದರು. ಎಮರಿ ಫಾಸ್ಗೇಟ್, ಆಲೆಮನೆಗೆ ಬೆಂಕಿ. ಪ್ರಿಂಟರಿನಿಂದ ಬಂದ ಹಾಳೆ ಇನ್ನೂ ಬಿಸಿಯಿತ್ತು.

"ಈ ಸಲ ಸರಿಯಾಗ್ ಒತ್ತಮ್ಮಾ" ಎಂದರು, ಹಲ್ಲು ಕಚ್ಚಿಕೊಂಡು.

ಅವಳು ಹಾಳೆಯ ಮುಂಬದಿ ನೋಡಿದಳು, ಹಿಂಬದಿ ನೋಡಿದಳು. ನೀಲಿ ಠಸ್ಸೆ ಕೈಗೆತ್ತಿಕೊಂಡಳು, ಅದರ ಚಕ್ರದಲ್ಲಿ ಮಾರ್ಚ್ 20 ಇದೆಯೇ ಎಂದು ಓದಿದಳು, ಆಮೇಲೆ ಒತ್ತಿದಳು. ಅಲ್ಲಿಂದ ಅರವತ್ತು ದಿನ. ಮೇ ಹತ್ತೊಂಬತ್ತು. ಅಷ್ಟರಲ್ಲಿ ಮೇಪಲ್ ಎಲೆ ಅಂಗೈಯಗಲ ಆಗಿರುತ್ತದೆ, ಅವನು ಇಟ್ಟನೋ ಇಲ್ಲವೋ ಯಾರಾದರೂ ಬಾಯಿ ಬಿಟ್ಟು ಹೇಳಬೇಕಾಗುತ್ತದೆ.

ಆಗಲೇ ಕೆಳಗಿನಿಂದ ಬಡಿತ ಕೇಳಿಸಿತು. ಕಬ್ಬಿಣದ ಮೇಲೆ ಕಬ್ಬಿಣ. ಸ್ಟರ್ಗಿಸ್ ಬೆಚ್ಚಿಬಿದ್ದರು. ಕೊಲೆಟ್ ಎದ್ದು ಮೆಟ್ಟಿಲ ಕಟಕಟೆಗೆ ಬಾಗಿ ನೋಡಿದಳು.

ಮುಂಬಾಗಿಲ ಹಿತ್ತಾಳೆಯ ಕಂಡಿಗೆ ಹಲಗೆಯೊಂದನ್ನು ಅಡ್ಡವಿಟ್ಟು ಹೆಸ್ಟರ್ ಟಟಲ್ ಮೊಳೆ ಹೊಡೆಯುತ್ತಿದ್ದರು. ವಾಲ್ಡೋ ಹಲಗೆ ಹಿಡಿದಿದ್ದ. ಪಕ್ಕದಲ್ಲಿ ನೆಲದ ಮೇಲೆ ಹಳೆಯ ಬುಟ್ಟಿ ಮಗುಚಿಬಿದ್ದಿತ್ತು.

"ನೋಡ್ತಾ ನಿಂತ್ಕೋಬೇಡ" ಎಂದರು ಹೆಸ್ಟರ್, ತಲೆಯೆತ್ತದೆ. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದರಿಂದ ಮಾತು ತೊದಲುತ್ತಿತ್ತು. "ಪರಿಶೀಲನೆಯವ್ರಿಗೆ ಕಾಗದ ಬರೀಬೇಕು. ಏನಾಯ್ತೋ ಅದನ್ನ, ಇದ್ದದ್ದು ಇದ್ದ ಹಾಗೆ. ನೀನೇ ಬರಿ. ನಿನ್ ಅಕ್ಷರ ಇರುವೆ ಸಾಲು, ಸ್ವಲ್ಪ ದೊಡ್ಡದಾಗ್ ಬರಿ."